ಇದು ಖರೇ ಸುದ್ದಿ ಐತ್ರಿ

ಗಂಗಾವತಿಯ ಅಕ್ಕಿ ಗಿರಣಿಗಳ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿಮಣಿಯಿಂದ ಉದುರಿದ ಹೊಟ್ಟಿನ ಬೂದಿ ಆಟೋದ ಗಾಜಿನ ಮೇಲೆ ತೆಳ್ಳಗೆ ಕೂತಿದೆ. ಮುನವ್ವರಭಾಯಿ ಅದನ್ನು ಅಂಗೈಯಿಂದ ಒರೆಸಿ, ಮೇಲಿನ ಎರಡು ಹಾರ್ನ್‌ಗಳ ವೈರು ಜಗ್ಗಿ ನೋಡಿ, ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಹಿಂದಿನ ಸೀಟಿನಲ್ಲಿ ಊರುಗೋಲು ಹಿಡಿದು ಪಕ್ಕೀರಪ್ಪ ಆಗಲೇ ಕೂತಿದ್ದಾರೆ.

"ಓಣಿಯ ಬಂಧುಗಳೇ, ಗಿರಣಿ ಹಿಂದಿನ ವಿರುಪಣ್ಣನವರು ನಸುಕಿನಲ್ಲಿ ತೀರಿಕೊಂಡಿದ್ದಾರೆ. ಮಧ್ಯಾಹ್ನ ಮಣ್ಣು ಮಾಡಲಾಗುವುದು." ಇಷ್ಟು ಎಲ್ಲ ಊರಲ್ಲೂ ಇರುವಂಥದ್ದೇ. ಆಮೇಲೆ ಒಂದು ಉಸಿರು ಬಿಟ್ಟು ಮೈಕು ಮತ್ತೆ ಮಾತಾಡುತ್ತದೆ: "ಇದು ಖರೇ ಸುದ್ದಿ ಐತ್ರಿ. ಮುನವ್ವರ ಹೇಳಾಕತ್ತೇನಿ."

ಸಾವಿನ ಸುದ್ದಿಗೆ ಇಂಥದೊಂದು ಬಾಲ ಹಚ್ಚುವ ಮೈಕಿನವರು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಸತ್ತವನು ಸತ್ತಿದ್ದಾನೆ ಎಂದು ಆಣೆ ಮಾಡಿ ಹೇಳಬೇಕಾದ ಪಾಡು ಈ ಮನುಷ್ಯನಿಗೆ ಯಾಕೆ ಬಂತು?

ಅಪ್ಪ ಶಾಮೀದಸಾಬರು ಸೈಕಲ್ಲಿಗೆ ತಗಡಿನ ಭೋಂಗಾ ಕಟ್ಟಿಕೊಂಡು ಟಾಕೀಸಿನ ಪಿಕ್ಚರು ಸಾರುತ್ತಿದ್ದರು. ಮಗ ಆಟೋ ತಗೊಂಡ. ಸೀರೆ ಅಂಗಡಿ, ಬೀಜದ ಕಂಪನಿ, ಇಲೆಕ್ಷನ್ನು ಎಂದು ಕನಕಗಿರಿ ಸಂತೆಯಿಂದ ಕುಕನೂರಿನವರೆಗೆ ತಿರುಗಿದ. ಈಗ ಬಾಳೆಹಣ್ಣಿನ ಗಾಡಿಯವನೂ ಮೆಮೊರಿ ಕಾರ್ಡಿನಲ್ಲಿ ದನಿ ತುಂಬಿಸಿ ತರುತ್ತಾನೆ, ಮುನವ್ವರಭಾಯಿಯನ್ನು ಕೇಳುವವರು ಕಡಿಮೆ. ಒಳ್ಳೆ ವಾರದಲ್ಲಿ ನಾಲ್ಕೈದು ಕೆಲಸ, ಅದರಲ್ಲೂ ಅರ್ಧ ಸಾವಿನವೇ.

"ಸೀರಿ ಅಂಗಡಿಗೆ ಒಂದ್ ದನಿ, ಸಾವಿಗೆ ಒಂದ್ ದನಿ ಇರ್ತೈತ್ರಿ. ಕೂಸು ತಪ್ಪಿಸ್ಕೊಂಡ್ರ ಅದಕ್ಕ ಮೂರನೇದು. ಅದರಾಗ ಚೀರಬಾರದು. ಮನಿ ಹಿರೇರು ಬಾಗಲದಾಗ ನಿಂತು ಹೇಳಿದಂಗ ಹೇಳಬೇಕು," ಎನ್ನುತ್ತಾರೆ. ಆ ಮೂರನೇ ದನಿ ಕೇಳಿದರೆ ಹೆಂಗಸರು ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಸಂತೆಯಲ್ಲಿ, ಉರುಸಿನಲ್ಲಿ ಕಳೆದ ಮಕ್ಕಳೆಷ್ಟೋ ಆ ದನಿಯಿಂದಲೇ ತಾಯಂದಿರ ಕೈಸೇರಿವೆ. ಆ ಕೆಲಸಕ್ಕೆ ಅವರು ಯಾರಿಂದಲೂ ಒಂದು ಕಪ್ ಚಹಾ ಸಹ ಕುಡಿದವರಲ್ಲ.

ಎರಡು ವರ್ಷದ ಹಿಂದೆ ಸುಕನ್ಯಾ ಎಂಬ ಡಿಗ್ರಿ ವಿದ್ಯಾರ್ಥಿನಿ ಬಂದು ಕೇಳಿದ್ದು ಆ ದನಿಯನ್ನೇ.

ಕುಷ್ಟಗಿ ಕಡೆಯ ಹುಡುಗಿ. ಗೆಳತಿಯರೊಂದಿಗೆ ಸೇರಿ, ಕಾಲುವೆಗೆ ಬಿದ್ದ ಮಗುವೊಂದರ ಮೇಲೆ ಕಿರುಚಿತ್ರ ಮಾಡಿದ್ದಳು. ಎಲ್ಲಾ ಮೊಬೈಲಿನಲ್ಲೇ ಶೂಟಿಂಗ್. ಕಾಲುವೆಗೆ ನೀರು ಬಿಡುವವರೆಗೆ ಕಾದು, ನೀರು ಬಂದ ವಾರವೇ ಮುಗಿಸಿದ್ದರು. ಪೋಸ್ಟರ್‌ನಲ್ಲಿ ಕೆಂಪು ಫ್ರಾಕಿನ ಹುಡುಗಿಯ ಫೋಟೋ, ಕೆಳಗೆ 'ಕಾಣೆಯಾಗಿದ್ದಾಳೆ' ಎಂಬ ಒಂದೇ ಮಾತು. ಎರಡು ದಿನ ಕುತೂಹಲ ಬೆಳೆಸಿ, ಮೂರನೇ ದಿನ ಚಿತ್ರದ ಹೆಸರು ಅಂಟಿಸುವುದು ಅವರ ಲೆಕ್ಕಾಚಾರ. ಮುನವ್ವರಭಾಯಿ ಆಟೋದಲ್ಲಿ ಅದನ್ನೇ ಸಾರಬೇಕಿತ್ತು.

"ಪಿಕ್ಚರ್ ಹೆಸರು ಎಲ್ಲೈತಿ ಬೇಟಿ ಅಂತ ಕೇಳ್ದೆ. ನಾಡದು ಹೇಳೂದು ಚಾಚಾ ಅಂದ್ಲು. ನಾ ಬ್ಯಾಡ ಅನ್ನಬೇಕಿತ್ರಿ. ಸಾಲಿ ಕಲಿಯೋ ಮಕ್ಕಳು, ಆಸೆ ಪಟ್ಟು ಮಾಡ್ಯಾರ ಅಂತ ಒಪ್ಪಿಬಿಟ್ಟೆ."

ಮೊದಲ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಆಟೋ ಗಿರಣಿ ಓಣಿಗೆ ಬಂತು. ಕೆಂಪು ಫ್ರಾಕು, ಏಳು ವರ್ಷ, ಕೊನೆಗೆ ಕಂಡದ್ದು ಕಾಲುವೆ ಸೇತುವೆ ಹತ್ತಿರ. ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಪಕ್ಕೀರಪ್ಪ ಬುತ್ತಿ ಬಿಟ್ಟು ಓಡಿದರು. ಸೇತುವೆ ಕೆಳಗೆ ಕೆಂಪಗೆ ಏನೋ ತೇಲಿತಂತೆ, ಹಾರಿಯೇಬಿಟ್ಟರು. ಅದು ಹರಿದ ಪ್ಲಾಸ್ಟಿಕ್ ಚೀಲ. ಸೊಂಟ ಕಲ್ಲಿಗೆ ಬಡಿದು ಮುರಿಯಿತು.

"ಕೂಸು ಇಲ್ಲ, ಅದು ಪಿಕ್ಚರ್ ಅಂತ ಗೊತ್ತಾದಾಗ ಸಿಟ್ಟು ಬರಲಿಲ್ರಿ. ಸದ್ಯ, ಯಾರ ಕೂಸೂ ಹೋಗಿಲ್ಲಲ್ಲ ಅನಿಸ್ತು," ಎನ್ನುತ್ತಾರೆ ಪಕ್ಕೀರಪ್ಪ. "ಸಿಟ್ಟು ಬಂದಿದ್ದು ಆಮ್ಯಾಲ. ಗಿರಣ್ಯಾಗ ಅಕ್ಕಿ ಚೀಲಕ್ಕ ಹೆಗಲು ಕೊಡಾಕ ಹೋಗಿ ಕುಸಿದು ಬಿದ್ನಲ್ಲ, ಆವಾಗ."

ಅವರ ಹೆಂಡತಿ ಗುರುಲಿಂಗಮ್ಮ ಈಗ ಅದೇ ಗಿರಣಿಯಲ್ಲಿ ಕಸ ಹೊಡೆಯುತ್ತಾರೆ. ಇತ್ತ ಕಾಲೇಜುಗಳ ಸ್ಪರ್ಧೆಯಲ್ಲಿ ಆ ಕಿರುಚಿತ್ರಕ್ಕೆ ಬಹುಮಾನವೂ ಬಂತು, ಅದೂ ಉತ್ತಮ ಪ್ರಚಾರಕ್ಕೆ! ತೀರ್ಪುಗಾರರಿಗೆ ಪಕ್ಕೀರಪ್ಪನ ಸೊಂಟದ ಸಂಗತಿ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ವೇದಿಕೆ ಮೇಲೆ ಫೋಟೋಕ್ಕೆ ನಿಂತಿದ್ದಳು.

ಸುಕನ್ಯಾಗೆ ಇಂದು ಆ ಬಹುಮಾನದ ಫಲಕ ನೋಡುವ ಧೈರ್ಯವಿಲ್ಲ. "ಶೂಟಿಂಗ್ ಮಾಡೋ ಮುಂದ ಹಗ್ಗ ಕಟ್ಕೊಂಡು ಕಾಲುವಿ ಮೆಟ್ಟಲ ಇಳೀತಿದ್ವಿ. ನೀರಂದ್ರ ಅಷ್ಟು ಅಂಜಿಕಿ ಇತ್ತು. ಪೋಸ್ಟರ್ ಮಾಡೋ ಮುಂದ ಆ ಅಂಜಿಕಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಮಂದಿ ನಂಬಿದ್ರ ಗೆದ್ವಿ ಅನ್ಕೊಂಡಿದ್ವಿ. ನಂಬಿದವ್ರು ಏನ್ ಮಾಡ್ತಾರ ಅಂತ ಒಬ್ರೂ ಯೋಚಿಸಲಿಲ್ಲ," ಎಂದು ತಲೆ ತಗ್ಗಿಸುತ್ತಾಳೆ.

ಇಷ್ಟಕ್ಕೇ ಮುಗಿದಿದ್ದರೆ ಮುನವ್ವರಭಾಯಿ ಹೇಗೋ ತಡೆದುಕೊಳ್ಳುತ್ತಿದ್ದರು. ಕಳೆದ ಸುಗ್ಗಿಯಲ್ಲಿ ಒಂದು ಸಂಜೆ ಭವಾನಿ ಎಂಬ ಹೆಣ್ಣುಮಗಳು ಅಳುತ್ತ ಬಂದಳು. ಮರೆವಿನ ರೋಗವಿದ್ದ ಅವಳ ತಂದೆ ಆದೆಪ್ಪ ಮನೆಯಿಂದ ಎದ್ದು ಹೋಗಿದ್ದರು. ಮುನವ್ವರಭಾಯಿ ಅದೇ ಮೂರನೇ ದನಿಯಲ್ಲಿ ಓಣಿ ಓಣಿ ಕೂಗಿದರು. ಚಹಾದಂಗಡಿಯವರು ನಕ್ಕರು: "ಈ ಸಲ ಪಿಕ್ಚರ್ ಹೆಸರೇನು ಭಾಯಿ? ಹೀರೋಯಿನ್ ಯಾರು?" ಒಬ್ಬನಂತೂ ಮೊಬೈಲು ಹಿಡಿದು ವಿಡಿಯೋ ಮಾಡಿಕೊಂಡ.

ಹೊರಗೆ ಬಂದದ್ದು ಒಬ್ಬರೇ, ಊರುಗೋಲು ಊರುತ್ತ ಪಕ್ಕೀರಪ್ಪ. ಬಂದವರೇ ಆಟೋ ಹತ್ತಿದರು.

ಮರುದಿನ ಬೆಳಿಗ್ಗೆ ಆದೆಪ್ಪ ಗಿರಣಿಗಳ ಹಿಂದೆಯೇ, ಗದ್ದೆಯ ಬಸಿಗಾಲುವೆಯಲ್ಲಿ ಸಿಕ್ಕರು. ಮೊಣಕಾಲಷ್ಟೂ ನೀರಿರಲಿಲ್ಲ. ಬಿದ್ದಮೇಲೆ ಬಹಳ ಹೊತ್ತು ಜೀವವಿತ್ತು ಎಂದರು ಡಾಕ್ಟರು.

"ಎಂಟ್ಹತ್ತು ಮಂದಿ ಬ್ಯಾಟರಿ ಹಿಡ್ಕೊಂಡು ಬಂದಿದ್ರ ಸಿಗ್ತಿದ್ರು ಮುದುಕರು," ಎನ್ನುತ್ತಾರೆ ಮುನವ್ವರಭಾಯಿ. "ನಗೋರದ್ದು ತಪ್ಪಲ್ರಿ. ಆ ದನೀನ ನಾನ ಪಿಕ್ಚರಿಗೆ ಮಾರಿ ಬಂದಿದ್ದೆ."

ಆದೆಪ್ಪನ ಮಣ್ಣಿನ ಸುದ್ದಿಯನ್ನೂ ಅವರೇ ಸಾರಬೇಕಾಯಿತು. 'ಖರೇ ಸುದ್ದಿ' ಎಂಬ ಆ ಸಾಲು ಮೊದಲ ಸಲ ಬಾಯಿಗೆ ಬಂದದ್ದು ಅಂದೇ. ಅಂದಿನಿಂದ ಪಕ್ಕೀರಪ್ಪ ಹಿಂದಿನ ಸೀಟು ಬಿಟ್ಟಿಲ್ಲ. ಯಾಕೆಂದು ಕೇಳಿದರೆ, "ನಾ ಕುಂತಿದ್ರ ಮಂದಿ ನಗೂದಿಲ್ರಿ," ಎನ್ನುತ್ತಾರೆ.

ಪೇಪರಿನಲ್ಲಿ ಫೋಟೋ ಬರುವುದು ಮುನವ್ವರಭಾಯಿಗೆ ಬೇಡ. ಬೇಕಾಗಿರುವುದು ಒಂದೇ. "ಆ ಕಡೀ ಸಾಲು ಬಿಟ್ಟು ಹೇಳೂ ದಿನ ಬರಬೇಕ್ರಿ. ಮೊದಲಿನಂಗ ಬರೀ ಹೆಸರು ಹೇಳಿದ್ರ ಸಾಕು, ಮಂದಿ ಚಪ್ಪಲ್ ಮೆಟ್ಟಿ ಹೊರಗ ಬರಬೇಕು."

ಮುಂದಿನ ಓಣಿಯ ತಿರುವಿನಲ್ಲಿ ಆಟೋ ನಿಲ್ಲುತ್ತದೆ. ವಿರುಪಣ್ಣನ ಹೆಸರು, ಮಣ್ಣಿನ ಹೊತ್ತು ಹೇಳಿ, ಇವತ್ತೊಂದು ಸಲ ಆ ಸಾಲು ಬಿಟ್ಟು ನೋಡೋಣವೆಂದು ಅಲ್ಲಿಗೇ ಮೈಕು ಇಳಿಸುತ್ತಾರೆ. ಬಾಗಿಲೊಂದು ತೆರೆಯುತ್ತದೆ. ಕೈಗೆ ಹಿಟ್ಟು ಮೆತ್ತಿಕೊಂಡ ಹೆಂಗಸು ಮುನವ್ವರಭಾಯಿಯನ್ನು ದಾಟಿ ಹಿಂದಿನ ಸೀಟಿನತ್ತ ನೋಡುತ್ತಾಳೆ.

"ಖರೇ ಏನಣ್ಣಾ?"

ಪಕ್ಕೀರಪ್ಪ ಹೂಂ ಎಂದು ತಲೆಯಾಡಿಸುತ್ತಾರೆ. ಮುನವ್ವರಭಾಯಿ ಇಳಿಸಿದ ಮೈಕನ್ನು ಮತ್ತೆ ಬಾಯಿಗೆ ತರುತ್ತಾರೆ.