ಬೆವರು ಬಾರದ ಮೈ

ನನ್ನ ಮಗನಿಗೆ ಎರಡು ವರ್ಷ ತುಂಬಿದಾಗ ಬಾಯಲ್ಲಿ ಇದ್ದದ್ದು ಎರಡೇ ಹಲ್ಲು. ಅವೂ ಮೇಲಿನವು, ನಾಯಿಮರಿಯ ಹಲ್ಲಿನ ಹಾಗೆ ಚೂಪು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ಗಂಡನ ಊರು ಅಬ್ಬಿಗೇರಿಯಲ್ಲಿ ನೀರಿಗೆ ಹೋದಾಗ ಓಣಿಯ ಒಬ್ಬಾಕೆ, "ನಿಮ್ಮ ಅಣ್ಣತಮ್ಮರಿಗೆ ಹುಷಾರ್ ಇರಂತ ಹೇಳವಾ" ಅಂದಳು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಇದ್ದವ ಒಬ್ಬ ತಮ್ಮ, ಅವ ಎಂದೋ ಹೋಗ್ಯಾನ. ಇನ್ನ ಈ ಹಲ್ಲಿಗೆ ಅಂಜಾವ್ರು ಯಾರದಾರ?" ಅಂದು ಕೊಡ ಎತ್ತಿಕೊಂಡು ಬಂದೆ.

ಆ ತಮ್ಮನ ನೆನಪು ನನಗಿಲ್ಲ. ನಾನು ನಾಲ್ಕು ವರ್ಷದವಳಿದ್ದಾಗ, ಗಜೇಂದ್ರಗಡದ ತವರುಮನೆಯಲ್ಲಿ, ಒಂದು ಬೇಸಿಗೆ ಜ್ವರ ಬಂದು ತೀರಿಕೊಂಡನಂತೆ. ಅವ್ವ ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಗನ ತಲೆಗೂದಲೂ ಅಷ್ಟಕ್ಕಷ್ಟೆ. ಬೆಳಕಿಗೆ ಹಿಡಿದರೆ ನೆತ್ತಿ ಕಾಣುತ್ತಿತ್ತು. ಕೆಲವು ಮಕ್ಕಳಿಗೆ ತಡವಾಗಿ ಬರುತ್ತದೆ ಎಂದು ಎಲ್ಲರೂ ಅಂದರು, ನಾನೂ ಅಂದುಕೊಂಡೆ. ಅವನ ಮೈ ಮಾತ್ರ ಯಾವಾಗಲೂ ಒಣಒಣ. ಯಾವ ತಾಯಿ ಕುಳಿತು ಮಗುವಿನ ಬೆವರು ಹುಡುಕುತ್ತಾಳೆ? ಒಣಗಿದೆ ಅಂದರೆ ಚೊಕ್ಕವಿದೆ ಎಂದು ನನ್ನ ಲೆಕ್ಕ. ಬಿಸಿಲು ಏರಿದ ಕೂಡಲೇ ಅವನು ಅಂಗಿ ಕಿತ್ತೆಸೆದು ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನು ತಬ್ಬಿಕೊಂಡು ನಿಲ್ಲುತ್ತಿದ್ದ, ಹೊಟ್ಟೆ ಒತ್ತಿ, ಕೆನ್ನೆ ಒತ್ತಿ. ಕುಡಿಯುವ ನೀರಿಗೆ ಮೈ ತಾಗಿಸುತ್ತಾನೆ ಎಂದು ಎರಡು ಸಲ ಬೆನ್ನಿಗೆ ಬಾರಿಸಿದ್ದೇನೆ. ಆ ಕೈ ನೋಡಿಕೊಂಡರೆ ಈಗಲೂ ನನಗೆ ಅಸಹ್ಯವಾಗುತ್ತದೆ.

ಯುಗಾದಿ ಮುಗಿದ ಮೇಲಿನ ಒಂದು ಮಧ್ಯಾಹ್ನ ಅವನು ಗಡಿಗೆಯ ಪಕ್ಕದಲ್ಲೇ ಕುಸಿದು ಕುಳಿತಿದ್ದ. ಮುಟ್ಟಿದರೆ ಒಲೆಯ ಮೇಲಿನ ಹೆಂಚು. ನನ್ನ ಗಂಡ ಕೆಲಸದ ಮೇಲೆ ನರಗುಂದಕ್ಕೆ ಹೋಗಿದ್ದರು. ಮನೆಯಲ್ಲಿದ್ದವರು ನಾನು ಮತ್ತು ನಮ್ಮಲ್ಲಿಗೆ ಬಂದಿದ್ದ ಅವ್ವ. ಜ್ವರ ಅಂದರೆ ನಮ್ಮಲ್ಲಿ ಮಾಡುವುದು ಒಂದೇ: ಕಿಟಕಿ ಮುಚ್ಚಿ, ಕೌದಿ ಹೊದಿಸಿ, ಬೆವರು ಬರಿಸುವುದು. ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಅವ್ವನೇ ಹೊಲಿದ ಕೌದಿ ಅದು, ಎತ್ತಲು ಎರಡು ಕೈ ಬೇಕು.

"ಬೆವರು ಬಂತಂದ್ರ ಜ್ವರ ತಾನ ಇಳೀತದ" ಅಂದಳು ಅವ್ವ. ಮಗ ಒದ್ದಾಡಿದ. ಒಂದು ಅಂಚನ್ನು ಅವ್ವ ಹಿಡಿದಳು, ಇನ್ನೊಂದನ್ನು ನಾನು. ಸ್ವಲ್ಪ ಹೊತ್ತಿಗೆ ಒಳಗೆ ಕೈ ಹಾಕಿ ನೋಡಿದೆ, ಒಣ. ಅವ್ವ ಎರಡನೆಯ ಕೌದಿ ತಂದಳು. ಮತ್ತೆ ನೋಡಿದೆ, ಒಣ. ಅಳುತ್ತಿದ್ದವನು ಸುಮ್ಮನಾದಾಗ, ನಿದ್ದೆ ಹತ್ತಿತು, ಒಳ್ಳೆಯದಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಕೈಕಾಲು ಸೆಟೆದವು.

ಪಕ್ಕದ ಮನೆಯವರ ಆಟೋದಲ್ಲಿ ರೋಣಕ್ಕೆ ಓಡಿದೆವು. ದಾರಿಯುದ್ದಕ್ಕೂ ಗಾಳಿ ತಾಗಬಾರದೆಂದು ಕೌದಿಯನ್ನು ಬಿಗಿಯಾಗಿ ಸುತ್ತಿಯೇ ಇದ್ದೆವು. ನಾನು ಕಂಡಕಂಡ ದೇವರನ್ನೆಲ್ಲ ಕರೆದೆ, ಮಧ್ಯೆ ಮಧ್ಯೆ ಆಟೋದವನನ್ನು ಬೈದೆ. ಮಕ್ಕಳ ದವಾಖಾನೆಯ ಡಾಕ್ಟರಮ್ಮ ಕೌದಿ ಕಿತ್ತು ನೆಲಕ್ಕೆಸೆದು, ಮಗುವನ್ನು ಬತ್ತಲೆ ಮಾಡಿ ನೀರು ಸುರಿದಳು, ಫ್ಯಾನಿನ ಕೆಳಗೆ ಮಲಗಿಸಿದಳು, ಸೂಜಿ ಚುಚ್ಚಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಯಾರು ಹೊಚ್ಚಿದ್ರಿ ಇದನ್ನ?" ಅಂದಳು.

ನಾನು ಅವ್ವನ ಕಡೆ ಕೈ ತೋರಿಸಿದೆ.

ಅಷ್ಟಕ್ಕೆ ನಿಲ್ಲಲಿಲ್ಲ. "ನನ್ನ ಕೂಸನ್ನ ಕೊಂದುಬಿಡ್ತಿದ್ದಿ ನೀ" ಎಂದು ಎಲ್ಲರೆದುರು ಅಂದೆ. ಅವ್ವ ನೆಲದ ಮೇಲಿನ ಕೌದಿ ಎತ್ತಿ ಮಡಚುತ್ತ ನಿಂತಳು. ಸಂಜೆ ಹೊತ್ತಿಗೆ ಮಗ ಕಣ್ಣು ಬಿಟ್ಟ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಮಗನ ಒಸಡನ್ನು ಬೆರಳಿನಿಂದ ಸವರಿ ನೋಡಿದಳು. ನನಗೂ ಬಾಯಿ ತೆಗೆ ಅಂದಳು. ನನಗೆ ಎರಡು ಹಲ್ಲು ಹುಟ್ಟಿಯೇ ಇಲ್ಲ, ಒಂದು ಅಕ್ಕಿಕಾಳಿನಷ್ಟಿದೆ. ನಗುವಾಗ ಸೆರಗು ಅಡ್ಡ ಹಿಡಿಯುವ ಚಟ ನನಗೆ ಅದಕ್ಕೇ ಬಂದದ್ದು.

"ನೋಡ್ರಿ, ಹೊಟ್ಟ್ಯಾಗ ಕೂಸಿಗೆ ಮೊದಲ ಬರೇ ತೊಗಲಿರ್ತದ. ಅದರಾಗ ಅಲ್ಲಲ್ಲಿ ಸಣ್ಣ ಗಂಟು ಏಳ್ತಾವು. ಮ್ಯಾಲಿನ ಪದರು ಕೆಳಗಿನ ಪದರಿಗೆ ಸುದ್ದಿ ಕೊಟ್ರ ಆ ಗಂಟು ಬೆಳೀತದ. ಬಾಯಾಗಿಂದು ಹಲ್ಲು ಆಗ್ತದ, ತಲಿಮ್ಯಾಲಿಂದು ಕೂದಲ, ಮೈಮ್ಯಾಲಿಂದು ಬೆವರಿನ ಗ್ರಂಥಿ. ಕೋಳಿಗಾದ್ರ ಪುಕ್ಕ, ಮೀನಿಗಾದ್ರ ಮೈಮ್ಯಾಲಿನ ಹುರುಪಿ. ಎಲ್ಲಾವೂ ಸುರುವಾಗೂದು ಒಂದ ಥರದ ಗಂಟಿನಿಂದ. ನಿಮ್ಮ ಮಗಗ ಆ ಸುದ್ದಿ ಮುಟ್ಟಿಲ್ಲ. ಇವಗ ಬೆವರು ಬರೂದ ಇಲ್ಲ."

ಕಾವಿಗೆ ಕೂರಿಸಿದ್ದ ನಮ್ಮ ಕೋಳಿಯ ಒಂದು ತತ್ತಿ ಹಿಂದೊಮ್ಮೆ ಕೈಜಾರಿ ಒಡೆದಿತ್ತು. ಒಳಗಿನ ಮರಿಯ ಬೆತ್ತಲೆ ಬೆನ್ನಿನ ಮೇಲೆ ಸಾಲು ಸಾಲು ಗುಳ್ಳೆಗಳಿದ್ದವು, ರವೆಯಷ್ಟು ಸಣ್ಣವು. ರೋಗದ ಮರಿ ಎಂದು ತಿಪ್ಪೆಗೆ ಎಸೆದಿದ್ದೆ. ಅವು ಪುಕ್ಕ ಹುಟ್ಟುವ ಗುಳ್ಳೆಗಳು, ಆ ಮರಿ ಸರಿಯಾಗಿಯೇ ಇತ್ತು ಎಂದು ಆ ಹಾಸಿಗೆಯ ಪಕ್ಕದಲ್ಲಿ ನಿಂತು ತಿಳಿದುಕೊಂಡೆ.

"ಔಷಧ ಏನರ ಅದ ಏನ್ರಿ?" ಅಂದೆ. ಇಲ್ಲ ಅಂದಳು. ಬಿಸಿಲಿಗೆ ಬಿಡಬೇಡಿ, ಅಂಗಿ ನೆನೆಸಿ ಹಾಕಿ, ನೀರು ಕುಡಿಸುತ್ತಿರಿ ಅಂದಳು. ಎಷ್ಟು ದಿನ ಎಂದು ಕೇಳಿದೆ. ಅವನು ಇರುವತನಕ ಅಂದಳು. ಹೊರಗೆ ಹತ್ತು ಗಂಟೆಗೇ ಬಿಸಿಲು ಕಣ್ಣು ಚುಚ್ಚುತ್ತಿತ್ತು. ನಮ್ಮ ಎರೆಭೂಮಿಯಲ್ಲಿ ಇಂಥ ಎಷ್ಟು ಬೇಸಿಗೆಗಳಿಂದ ಇವನನ್ನು ಕಾಯಲಿ?

"ಇದು ತಾಯಿ ಕಡಿಂದ ಬರ್ತದ. ತವರಿನಾಗ ಇಂಥ ಗಂಡುಹುಡುಗ್ರು ಯಾರರ ಇದ್ರಾ?"

"ಇಲ್ರಿ" ಅಂದೆ ನಾನು.

"ಇದ್ದ" ಅಂದಳು ಅವ್ವ. ಮಗನ ಹಣೆಯ ಬಟ್ಟೆಯನ್ನು ಬಕೆಟಿನಲ್ಲಿ ಅದ್ದುತ್ತಿದ್ದಳು, ತಲೆ ಎತ್ತಲಿಲ್ಲ. "ಎರಡು ವರ್ಷದಾಂವ. ಒಂದೂ ಹಲ್ಲಿದ್ದಿಲ್ಲ. ಜ್ವರ ಬಂತು. ಮೂರು ಕೌದಿ ಹೊಚ್ಚಿದೆ. ಬೆವರು ಬರವಲ್ದು ಅಂತ ಬಾಜೂ ಮನಿಗೆ ಹೋಗಿ ಇನ್ನೊಂದು ಇಸಕೊಂಡು ಬಂದೆ. ಬರೋದ್ರಾಗ ಹೋಗಿದ್ದ."

ಡಾಕ್ಟರಮ್ಮ ಅವ್ವನ ಭುಜ ಮುಟ್ಟಿ ಹೊರಗೆ ಹೋದಳು.

ನಾವಿಬ್ಬರೇ ಉಳಿದೆವು. ಅವ್ವ ಕೇಳಿದಳು, "ಹಂಗಾರ ಅವನ್ನ ನಾನ ಕೊಂದ್ನೇನ?"

"ಇಲ್ಲ ಯವ್ವಾ, ಅವಂದು ಬ್ಯಾರೆ ಜ್ವರ ಇದ್ದೀತು."

"ಸುಳ್ಳು ಹೇಳಬ್ಯಾಡ. ನಿನ್ನೆ ನನ್ನ ಕಡೆ ಕೈ ತೋರಿಸಿದ್ಯಲ್ಲ, ಅದ ಖರೇ."

ಇನ್ನೊಂದು ಅಂಚನ್ನು ಹಿಡಿದವಳು ನಾನು ಎಂದು ಡಾಕ್ಟರಮ್ಮನಿಗೆ ನಾನು ಹೇಳಿರಲಿಲ್ಲ. ಅವ್ವನೂ ಹೇಳಿರಲಿಲ್ಲ. ಆಗಲೂ ನನ್ನ ಬಾಯಿ ಏಳಲಿಲ್ಲ. ಅವ್ವ ಬಟ್ಟೆ ಹಿಂಡಿ, ಮಗನ ಹೊಟ್ಟೆಯ ಮೇಲೆ ಹರಡಿ, ನನ್ನ ಕೈ ಎಳೆದು ಅದರ ಮೇಲೆ ಇಟ್ಟಳು. "ಆರೂದ್ರಾಗ ಮತ್ತ ಹಸಿ ಮಾಡ" ಅಂದಳು.