ಎಣ್ಣೆ ನೂಡಲ್ಸಿಗೆ ಅಗಸಿ ಹಿಂಡಿ

ಬಟ್ಟಲಿನಲ್ಲಿ ಸಾರೇ ಇರಲಿಲ್ಲ. ಹೈದರಾಬಾದಿನ ಪುಟ್ಟ ರಾಮೆನ್ ಅಂಗಡಿಯಲ್ಲಿ ನಮ್ಮತ್ತೆ ಆ ಜಪಾನಿ ಎಣ್ಣೆ ನೂಡಲ್ಸನ್ನು ಕೆದಕಿ ನೋಡಿದರು. ಮಾವ ತೀರಿಕೊಂಡ ಮೇಲೆ ಅವರು ಯಾವ ಊಟವನ್ನೂ ಇಷ್ಟಪಟ್ಟು ಉಂಡಿರಲಿಲ್ಲ. ಇದನ್ನೂ ಬಿಡುತ್ತಾರೆ ಎಂದುಕೊಂಡೆ.

“ಎಣ್ಣಿ ಎಲ್ಲಾ ತಳದಾಗ ಕುಂತದ. ಚಮಚದಿಂದ ಏನಾಗ್ತದ, ಕೈಲೆ ಕಲಸಬೇಕವ್ವ,” ಎಂದವರೇ ಕಲಸತೊಡಗಿದರು. ಆಮೇಲೆ ಚೀಲದಿಂದ ತವರು ಬಸವಕಲ್ಯಾಣದ ಅಗಸಿ ಹಿಂಡಿಯ ಡಬ್ಬಿ ತೆಗೆದು, ಆ ಚಟ್ನಿಪುಡಿಯನ್ನು ಧಾರಾಳವಾಗಿ ಉದುರಿಸಿದರು. ಅಡುಗೆಯವನು ನಮ್ಮ ಕಡೆಗೇ ಬಂದ. ಬೈಯುತ್ತಾನೆಂದು ನಾನು ಅಂಜಿದರೆ, ಅವನು ಅಂಗೈ ಚಾಚಿದ.

“ತಿಂದು ನೋಡಪ್ಪ,” ಎಂದು ಅತ್ತೆ ಅವನಿಗೂ ಹಿಂಡಿ ಹಾಕಿ, ತಮ್ಮ ಬಟ್ಟಲು ಖಾಲಿ ಮಾಡಿದರು.

ಈಗ ಹುಮನಾಬಾದಿನ ನಮ್ಮ ಮನೆಯಲ್ಲೂ ನೂಡಲ್ಸಿನ ನೀರು ಬಸಿದು ಕುಸುಬಿ ಎಣ್ಣೆ ಹಾಕುತ್ತೇನೆ. ಕಲಸುವುದು ಮಾತ್ರ ಅತ್ತೆಯ ಕೈಯೇ.