ವಡಾಲ ಸ್ಟೇಷನ್ನಿನ ಕಪ್ಪು ಮಳೆ

ಟಿವಿಯಲ್ಲಿ ಹಳೆ ಮುಂಬಯಿ ಕಂಡರೆ ಸಾಕು, ಗದಿಗೆಪ್ಪ ಕುರ್ಚಿ ಮುಂದೆ ಎಳೆದುಕೊಂಡು "ಇದು ನಂದಽ, ನಾನಽ ತಗದದ್ದು" ಅನ್ನುತ್ತಿದ್ದ. ಒಮ್ಮೆ ಟ್ರಾಮ್ ಕಂಡಾಗಲೂ ನಂದೇ ಅಂದುಬಿಟ್ಟ. ಮುಂಬಯಿಯಲ್ಲಿ ಟ್ರಾಮ್ ನಿಂತುಹೋದಾಗ ಈ ಮಹಾಶಯ ಇಂಡಿ ತಾಲೂಕಿನಲ್ಲಿ ಚಡ್ಡಿ ಇಲ್ಲದೆ ಓಡಾಡುತ್ತಿದ್ದ. ಹೀಗಾಗಿ ಆಂಟಾಪ್ ಹಿಲ್‌ನ ಅವನಿದ್ದ ಬಿಲ್ಡಿಂಗಿನಲ್ಲಿ ಅವನ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮಗಳು ಶುಭಾಂಗಿಯಂತೂ "ಹೌದು ಪಪ್ಪಾ, ಗೇಟ್‌ವೇ ಕಟ್ಟಿದ್ದು ಭೀ ನೀನೇ" ಎಂದು ಕಾಲೆಳೆಯುತ್ತಿದ್ದಳು.

ಆದರೆ ಆ ಜುಲೈ ಸಂಜೆ ಅವನು ಏನೂ ಅನ್ನಲಿಲ್ಲ. ಹೊಸ ವೆಬ್ ಸೀರೀಸ್ ಒಂದರಲ್ಲಿ ವಡಾಲ ಸ್ಟೇಷನ್ನಿನ ಹಳೆ ಮಳೆ ಬಂದಿತ್ತು. ಕೊಡೆಗಳ ಜಂಗುಳಿ, ತೊಯ್ದ ಲೋಕಲ್, ನಡುಹಗಲಲ್ಲೇ ಕಪ್ಪಿಟ್ಟ ಆಕಾಶ. ಎಂಟೇ ಸೆಕೆಂಡು. ಕೊನೆಗೆ ಹೆಸರುಗಳು ಓಡುವಾಗ ಹಳೆ ದೃಶ್ಯಗಳ ಸಾಲಿನಲ್ಲಿ 'ಕಾಂತಪ್ಪ' ಎಂದಿತ್ತು. ಗದಿಗೆಪ್ಪನ ಮುಖ ಸಣ್ಣದಾಯಿತು.

ಕಾಂತಪ್ಪ ಅವನ ಉಸ್ತಾದ. ಹದಿನೆಂಟರ ಗದಿಗೆಪ್ಪನನ್ನು ಊರಿಂದ ಕರೆತಂದು ಕ್ಯಾಮೆರಾ ಹಿಡಿಯಲು ಕಲಿಸಿದವನು. ಮುಂಬಯಿಯ ಫೋರ್ಟ್ ಪೇಟೆಯ ಒಂದು ಕಂಪನಿಗಾಗಿ ಇಬ್ಬರೂ ನಗರದ ರೈಲು, ಸಮುದ್ರ, ಸಂದಣಿ ತೆಗೆದು ರೀಲುಗಳನ್ನು ಡಬ್ಬಿಗೆ ತುಂಬಿಸಿಡುತ್ತಿದ್ದರು. ಸಿನಿಮಾದವರು ತಮಗೆ ಬೇಕಾದ ಮಳೆಯನ್ನೋ ಬಿಸಿಲನ್ನೋ ಅಲ್ಲಿಂದ ಕೊಳ್ಳುತ್ತಿದ್ದರು. ಮುಂದೆ ಉಸ್ತಾದನ ಕಣ್ಣಿಗೆ ಪೊರೆ ಬಂತು. ಒಂಬತ್ತು ವರ್ಷ ಗದಿಗೆಪ್ಪನೊಬ್ಬನೇ ತೆಗೆದ. ಆದರೂ ಪ್ರತಿ ಡಬ್ಬಿಯ ಮೇಲೆ ತನ್ನ ಕೈಯಾರೆ ಬರೆದದ್ದು ಕಾಂತಪ್ಪನ ಹೆಸರನ್ನೇ. ಬರೆ ಅಂತ ಯಾರೂ ಹೇಳಿರಲಿಲ್ಲ. ಉಸ್ತಾದ ಬದುಕಿರುವಾಗ ಡಬ್ಬಿಯ ಮೇಲೆ ಶಿಷ್ಯನ ಹೆಸರು ಬರೆಯುವ ರೂಢಿ ಆ ಕಸುಬಿನಲ್ಲೇ ಇರಲಿಲ್ಲ.

ಈಗ ಉಸ್ತಾದನಿಲ್ಲ. ಗದಿಗೆಪ್ಪನಿಗೆ ಅರವತ್ತೈದು. ಒಂದೇ ಒಂದು ಸಲ ತನ್ನ ಹೆಸರು ಪರದೆಯ ಮೇಲೆ ಬರಬೇಕು ಅನ್ನುವ ಆಸೆ ಅವನಿಗೆ ಎಷ್ಟಿತ್ತೆಂದರೆ, ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು. ಶುಭಾಂಗಿಗೆ ಅದು ಅಂದೇ ತಿಳಿಯಿತು. "ಕ್ಲೇಮ್ ಮಾಡು ನಾ ಪಪ್ಪಾ" ಎಂದು ಮರುದಿನವೇ ಫೋರ್ಟಿಗೆ ಕಳಿಸಿದಳು.

ಕಂಪನಿಯಲ್ಲಿ ಡಬ್ಬಿಗಳೆಲ್ಲ ಹೋಗಿ ಕಂಪ್ಯೂಟರ್ ಬಂದಿದ್ದವು. ಅವುಗಳನ್ನು ನೋಡಿಕೊಳ್ಳುವ ರೂಪಾಲಿ ಬೆಳಗಾವಿ ಕಡೆಯವಳು.

"ರಜಿಸ್ಟರ್‌ನ್ಯಾಗ ಕಾಂತಪ್ಪ ಅವರ ಹೆಸರಽ ಐತ್ರಿ ಅಜ್ಜಾರ. ನೀವಽ ತಗದಿದ್ದು ಅಂತ ಹ್ಯಾಂಗ ನಂಬೂದು?"

"ಆ ಮಳಿ ಯಾಕ ಅಷ್ಟು ಕಪ್ಪಾಗೇತಿ, ಗೊತ್ತೇನವಾ?"

"ಡೈರೆಕ್ಟರಿಗೆ ಅದಽ ಬೇಕಾಗಿತ್ರಿ. ಮೂಡ್ ಭಾಳ ಛಲೋ ಐತಿ ಅಂದ್ರು."

"ಮೂಡೂ ಅಲ್ಲ, ಗೀಡೂ ಅಲ್ಲ. ಅದು ಜ್ವಾಳದ ಹಿಟ್ಟು."

ರೂಪಾಲಿ ಕನ್ನಡಕ ತೆಗೆದು ಅವನನ್ನೇ ನೋಡಿದಳು. ಗದಿಗೆಪ್ಪ ಬಿಡಿಸಿ ಹೇಳಿದ. ಪ್ರತಿ ರೀಲಿನ ಮೊದಲಿಗೆ ಒಬ್ಬರ ಕೈಯಲ್ಲಿ ಬಣ್ಣದ ಕಾರ್ಡು ಕೊಟ್ಟು ನಾಲ್ಕಾರು ಸೆಕೆಂಡು ತೆಗೆಯುತ್ತಿದ್ದರು. ಆ ಮುಖದ ಬಣ್ಣ ನೋಡಿಯೇ ಲ್ಯಾಬಿನವರು ಇಡೀ ರೀಲಿನ ಬಣ್ಣ ಹೊಂದಿಸುವುದು. ಬೇರೆ ಕ್ಯಾಮೆರಾದವರು ಯಾವನೋ ಒಬ್ಬ ವಾಚ್‌ಮನ್ನನನ್ನು ನಿಲ್ಲಿಸುತ್ತಿದ್ದರು. ಗದಿಗೆಪ್ಪ ಬೆಳಿಗ್ಗೆ ಹೊರಡುವಾಗ ಚಾಳಿನ ಬಾಗಿಲಲ್ಲೇ ಹೆಂಡತಿ ಶರಣವ್ವನನ್ನು ನಿಲ್ಲಿಸುತ್ತಿದ್ದ. ವಡಾಲದ ಮಳೆ ತೆಗೆದ ದಿನ ಅವಳು ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಲ್ಯಾಬಿನ ಪುಣ್ಯಾತ್ಮ ಕೆನ್ನೆಯ ಹಿಟ್ಟನ್ನೇ ಮೈಬಣ್ಣ ಅಂದುಕೊಂಡು, ಮುಖ ಅತಿ ಬೆಳ್ಳಗಾಗಿದೆ ಎಂದು ಇಡೀ ರೀಲನ್ನು ಕಪ್ಪು ಮಾಡಿಟ್ಟ. "ಹೆಂಡತಿ ಮಾರಿ ತೊಳಸಾಕ ಏನಾಗಿತ್ತೋ ನಿನಗ" ಎಂದು ಕಾಂತಪ್ಪ ಮೂರು ದಿನ ಬೈದಿದ್ದ.

"ಮಾರುವಾಗ ಆ ಮೊದಲಿನ ತುಣುಕು ಕತ್ತರಿಸಿರ್ತೇವ್ರಿ. ಮೂಲದಾಗ ಇರಬೇಕು" ಎನ್ನುತ್ತ ರೂಪಾಲಿ ಹುಡುಕಿ ತೆರೆದಳು.

ನೀಲಿ ಬಾಗಿಲು. ಮಳೆಗೆ ಮುಂಚಿನ ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇಪ್ಪತ್ಮೂರರ ಶರಣವ್ವ ಕಾರ್ಡು ಹಿಡಿದು ನಿಂತಿದ್ದಳು. ಎಡಗೆನ್ನೆಯಿಂದ ಕಿವಿಯವರೆಗೂ ಹಿಟ್ಟು.

ಶರಣವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಮದುವೆಯದೊಂದು, ಆಧಾರ್ ಕಾರ್ಡಿನದೊಂದು ಫೋಟೊ. ಗದಿಗೆಪ್ಪ ಪುರಾವೆಯ ಗುಂಗಿನಲ್ಲಿ ಬಂದವನು, ಅವಳನ್ನು ನೋಡಲು ಬಂದವನಲ್ಲ. ಅವನು ಕುರ್ಚಿ ಮುಂದೆ ಎಳೆದುಕೊಂಡ. ಪರದೆಯ ಮೇಲೆ ಅವಳು ಕಣ್ಣು ಮಿಟುಕಿಸಿದಳು, ಸೆರಗು ಸರಿಮಾಡಿಕೊಂಡಳು. ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಇಷ್ಟು ಸಾಕ್ರಿ ಅಜ್ಜಾರ" ರೂಪಾಲಿಯ ದನಿ ಮೆತ್ತಗಾಗಿತ್ತು. "ಕಾಂತಪ್ಪ ಅವರ ಹೆಸರು ತಗದು ನಿಮ್ಮದು ಹಾಕಸ್ತೀನಿ."

"ತಗೀಬ್ಯಾಡವಾ. ಮ್ಯಾಲ ಉಸ್ತಾದರದು ಇರಲಿ, ಕೆಳಗ ನನ್ನದು." ಏಳಲು ಹೋದವನು ಮತ್ತೆ ಕುಳಿತ. "ಈ ತುಣುಕು ನೀವು ಯಾರಿಗೂ ಮಾರೂದಿಲ್ಲಲ್ಲ?"

"ಇದನ್ನ ಯಾರು ತಗೋತಾರ್ರಿ?"

"ಹಂಗಿದ್ರ ನನಗ ಕೊಡವಾ."

ಮೂರು ವಾರದ ಮೇಲೆ ಸೀರೀಸಿನ ಕೊನೆಯಲ್ಲಿ ಹೆಸರು ಬಂತು. ಕಾಂತಪ್ಪ, ಅದರ ಕೆಳಗೆ ಗದಿಗೆಪ್ಪ. ಶುಭಾಂಗಿ ಅಲ್ಲಿಗೇ ನಿಲ್ಲಿಸಿ, ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. "ಪಪ್ಪಾ, ಜಲ್ದಿ ಬಾ, ನಿನ್ನ ನೇಮ್!" ಎಂದು ಕೂಗಿದಳು.

ಗದಿಗೆಪ್ಪ ಒಳಗಿನ ಕೋಣೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ. ತುಣುಕಿನ ಕೊನೆಯಲ್ಲಿ ಶರಣವ್ವನ ತುಟಿ ಅಲುಗುತ್ತದೆ. ಧ್ವನಿಯಿಲ್ಲ. ಆದರೆ ದಿನಾ ಬೆಳಿಗ್ಗೆ ಅವಳು ಕೇಳುತ್ತಿದ್ದದ್ದು ಒಂದೇ ಮಾತು, "ಆತೇನ್ರಿ? ಹಂಚಿನ ಮ್ಯಾಲ ರೊಟ್ಟಿ ಐತಿ." ಆಗೆಲ್ಲ ಅವನು ಕ್ಯಾಮೆರಾದಿಂದ ಕಣ್ಣೆತ್ತದೆ "ಆತು, ಹೋಗು" ಅಂದುಬಿಡುತ್ತಿದ್ದ.

"ಇನ್ನೂ ಆಗಿಲ್ಲ" ಅಂದ ಗದಿಗೆಪ್ಪ, ಈಗ ಅವಳ ಮುಖ ನೋಡುತ್ತ. "ಒಂದೀಟು ನಿಂದ್ರು." ತುಣುಕನ್ನು ಮತ್ತೆ ಮೊದಲಿನಿಂದ ಹಚ್ಚಿದ.